ರಿಟರ್ನ್ ಆಫ್ ದ ಸೀಕಾಕಸ್ 7

ರಿಟರ್ನ್ ಆಫ್ ದ ಸೀಕಾಕಸ್ 7 (ಅರ್ಥ: ಸೀಕಾಕಸ್ ಏಳ್ವರ ಮರಳುವಿಕೆ) 1980ರಲ್ಲಿ ಬಿಡುಗಡೆಯಾದ ಅಮೆರಿಕದ ಒಂದು ಸ್ವತಂತ್ರ ಹಾಸ್ಯಮಿಶ್ರಿತ ಭಾವಪ್ರಧಾನ ಚಲನಚಿತ್ರ. ಕಾದಂಬರಿಕಾರ ಮತ್ತು ಚಿತ್ರಕಥೆಗಾರ ಜಾನ್ ಸೇಲ್ಸ್ ಇದನ್ನು ಬರೆದು, ನಿರ್ದೇಶಿಸಿ, ಸಂಕಲನ ಮಾಡಿದ್ದಾರೆ. ಒಂದು ಪೋಷಕ ಪಾತ್ರದಲ್ಲಿ ನಟಿಸಿಯೂ ಇದ್ದಾರೆ. ಇದು ಅವರ ನಿರ್ದೇಶನದ ಮೊದಲ ಚಿತ್ರ. 1960ರ ದಶಕದ ಕೊನೆ ಮತ್ತು 1970ರ ದಶಕದ ಆರಂಭದಲ್ಲಿ ಯುದ್ಧವಿರೋಧಿ ಚಳವಳಿಯಲ್ಲಿ ಒಟ್ಟಿಗಿದ್ದ ಗೆಳೆಯರು ಸುಮಾರು ಹತ್ತು ವರ್ಷಗಳ ನಂತರ, ಮೂವತ್ತರ ವಯಸ್ಸಿನ ಹೊಸ್ತಿಲಲ್ಲಿ, ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಒಂದು ಮನೆಯಲ್ಲಿ ವಾರಾಂತ್ಯ ಕಳೆಯಲು ಸೇರುವುದೇ ಇದರ ಕಥಾವಸ್ತು.

ಸುಮಾರು 60,000 ಡಾಲರ್ ವೆಚ್ಚದಲ್ಲಿ, ದೊಡ್ಡ ಸ್ಟುಡಿಯೋಗಳ ನೆರವಿಲ್ಲದೆ, ಆಗ ಹೆಸರು ಮಾಡಿರದ ರಂಗನಟರನ್ನು ಇಟ್ಟುಕೊಂಡು ತಯಾರಾದ ಈ ಚಿತ್ರ ಅಮೆರಿಕದ ಸ್ವತಂತ್ರ ಸಿನಿಮಾ ಚಳವಳಿಯ ಆರಂಭಿಕ ಮೈಲಿಗಲ್ಲುಗಳಲ್ಲಿ ಒಂದೆಂದು ಪರಿಗಣಿತವಾಗಿದೆ. 1997ರಲ್ಲಿ ಇದನ್ನು ಅಮೆರಿಕದ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರಿಸಲಾಯಿತು.

ಶೀರ್ಷಿಕೆಯ ಹಿನ್ನೆಲೆ

ಚಿತ್ರದ ಶೀರ್ಷಿಕೆ 'ಷಿಕಾಗೋ ಸೆವೆನ್' ಎಂಬ ಹೆಸರಿನ ಅಣಕ. 1968ರ ಆಗಸ್ಟ್‌ನಲ್ಲಿ ಷಿಕಾಗೋ ನಗರದಲ್ಲಿ ನಡೆದ ಡೆಮಾಕ್ರಟಿಕ್ ಪಕ್ಷದ ರಾಷ್ಟ್ರೀಯ ಸಮಾವೇಶದ ವೇಳೆ ವಿಯೆಟ್ನಾಂ ಯುದ್ಧವನ್ನು ವಿರೋಧಿಸಿ ಭಾರೀ ಪ್ರತಿಭಟನೆಗಳು ನಡೆದವು. ಪ್ರತಿಭಟನಕಾರರ ಮತ್ತು ಪೊಲೀಸರ ನಡುವಿನ ಘರ್ಷಣೆಯ ತರುವಾಯ ಎಂಟು ಮಂದಿಯ ಮೇಲೆ ಗಲಭೆಗೆ ಸಂಚು ಹೂಡಿದ ಆರೋಪ ಹೊರಿಸಲಾಯಿತು. ಅವರಲ್ಲಿ ಒಬ್ಬರಾದ ಬಾಬಿ ಸೀಲ್ ಅವರ ವಿಚಾರಣೆಯನ್ನು ಪ್ರತ್ಯೇಕಿಸಿದ ಮೇಲೆ ಉಳಿದ ಏಳು ಮಂದಿ 'ಷಿಕಾಗೋ ಸೆವೆನ್' ಎಂದೇ ಪ್ರಸಿದ್ಧರಾದರು. 1969 ಮತ್ತು 1970ರಲ್ಲಿ ನಡೆದ ಆ ವಿಚಾರಣೆ ದೇಶದಾದ್ಯಂತ ಚರ್ಚೆಗೆ ಒಳಗಾಯಿತು.

ಸೇಲ್ಸ್ ಅವರ ಚಿತ್ರದ ಏಳು ಮಂದಿಗೆ ಅಂಥ ಪ್ರಸಿದ್ಧಿಯೇನೂ ಇಲ್ಲ. ವಿದ್ಯಾರ್ಥಿ ದಿನಗಳಲ್ಲಿ ಅವರು ರಾಜಧಾನಿ ವಾಷಿಂಗ್ಟನ್‌ನಲ್ಲಿ ನಡೆಯಲಿದ್ದ ಯುದ್ಧವಿರೋಧಿ ಪ್ರದರ್ಶನಕ್ಕೆ ಕಾರಿನಲ್ಲಿ ಹೊರಟಿದ್ದರು. ಅಲ್ಲಿಗೆ ತಲುಪುವ ಮೊದಲೇ ನ್ಯೂ ಜೆರ್ಸಿ ರಾಜ್ಯದ ಸೀಕಾಕಸ್ ಎಂಬ ಪಟ್ಟಣದಲ್ಲಿ ಪೊಲೀಸರ ವಶವಾದರು. ನ್ಯೂಯಾರ್ಕ್ ನಗರದ ಸಮೀಪವಿರುವ ಸೀಕಾಕಸ್ ಹಿಂದೊಮ್ಮೆ ಹಂದಿ ಸಾಕಣೆಗೆ ಹೆಸರಾಗಿದ್ದು, ನಗರದ ಹಾಸ್ಯಗಾರರ ಬಾಯಲ್ಲಿ ನಗೆಚಾಟಿಕೆಯ ವಸ್ತುವಾಗಿದ್ದ ಊರು. ಇತಿಹಾಸದ ದೊಡ್ಡ ಘಟನೆಯಲ್ಲಿ ಪಾಲ್ಗೊಳ್ಳಲು ಹೊರಟವರು ಅಂಥ ಊರಿನಲ್ಲಿಯೇ ಸಿಕ್ಕಿಬಿದ್ದರೆಂಬುದು ಶೀರ್ಷಿಕೆಯ ವ್ಯಂಗ್ಯ. ಗೆಳೆಯರು ಆ ಹೆಸರನ್ನು ತಮಗೆ ತಾವೇ ತಮಾಷೆಗಾಗಿ ಇಟ್ಟುಕೊಂಡಿದ್ದಾರೆ. ತಮ್ಮ ಜೀವನದ ಮುಖ್ಯ ಘಟನೆ ಒಂದು ವಿಫಲ ಪ್ರಯಾಣ ಎಂಬ ಅರಿವೂ ಆ ತಮಾಷೆಯಲ್ಲಿ ಅಡಗಿದೆ.

ಕಥಾಸಾರಾಂಶ

ಮೈಕ್ ಡೊನೆಲ್ಲಿ ಮತ್ತು ಕೇಟಿ ನ್ಯೂ ಹ್ಯಾಂಪ್‌ಶೈರ್‌ನ ಸಣ್ಣ ಊರೊಂದರಲ್ಲಿ ಒಟ್ಟಿಗೆ ವಾಸಿಸುವ ಶಾಲಾ ಶಿಕ್ಷಕರು. ಬೇಸಿಗೆಯ ಒಂದು ವಾರಾಂತ್ಯಕ್ಕೆ ಅವರು ಹಳೆಯ ಗೆಳೆಯರನ್ನು ಮನೆಗೆ ಕರೆದಿದ್ದಾರೆ. ಯಾರಿಗೆ ಯಾವ ಹಾಸಿಗೆ, ಯಾವ ಜೋಡಿಗೆ ಯಾವ ಕೋಣೆ ಎಂಬ ಕೇಟಿಯ ಚಿಂತೆಯಲ್ಲಿಯೇ ಕಥೆ ಆರಂಭವಾಗುತ್ತದೆ. ಮೇಲ್ನೋಟಕ್ಕೆ ಇದು ಮನೆವಾರ್ತೆಯ ಲೆಕ್ಕಾಚಾರ. ಅತಿಥಿಗಳು ಒಬ್ಬೊಬ್ಬರಾಗಿ ಬಂದಂತೆ ಆ ಲೆಕ್ಕಾಚಾರವೆಲ್ಲ ತಲೆಕೆಳಗಾಗುತ್ತದೆ.

ಐರೀನ್ ಈಗ ಒಬ್ಬ ಸೆನೆಟರ್‌ನ ಕಚೇರಿಯಲ್ಲಿ ಕೆಲಸ ಮಾಡುತ್ತಾಳೆ. ಅದೇ ಕಚೇರಿಯ ತನ್ನ ಹೊಸ ಸಂಗಾತಿ ಚಿಪ್‌ನನ್ನು ಕರೆತಂದಿದ್ದಾಳೆ. ಚಿಪ್ ಸಭ್ಯ, ಶಿಸ್ತಿನ ಮನುಷ್ಯ. ಬೀದಿ ಪ್ರತಿಭಟನೆಯ ಅನುಭವ ಅವನಿಗಿಲ್ಲ. ಇವರ ಹಳೆಯ ಪ್ರೇಮಗಳು, ಜಗಳಗಳು, ಒಳಮಾತುಗಳು ಯಾವುವೂ ಅವನಿಗೆ ತಿಳಿಯದು. ಫ್ರಾನ್ಸಿಸ್ ವೈದ್ಯಕೀಯ ವಿದ್ಯಾರ್ಥಿನಿ. ಜೆ.ಟಿ. ಗಿಟಾರ್ ಹೊತ್ತು ಅಲೆಯುವ ಗಾಯಕ. ಕೈಯಲ್ಲಿ ಹಣವಿಲ್ಲದಿದ್ದರೂ ಲಾಸ್ ಏಂಜಲೀಸ್‌ಗೆ ಹೋಗಿ ಅದೃಷ್ಟ ಪರೀಕ್ಷಿಸುವ ಆಲೋಚನೆಯಲ್ಲಿದ್ದಾನೆ.

ಮೌರಾ ಮತ್ತು ಜೆಫ್ ಬಹುಕಾಲ ಒಟ್ಟಿಗಿದ್ದ ಜೋಡಿ. ಆದರೆ ಮೌರಾ ಒಬ್ಬಳೇ ಬಂದು, ತಾವಿಬ್ಬರೂ ಬೇರೆಯಾದ ಸುದ್ದಿ ಹೇಳುತ್ತಾಳೆ. ಆ ರಾತ್ರಿ ಅವಳು ಮತ್ತು ಜೆ.ಟಿ. ಕೂಡುತ್ತಾರೆ. ಅನಂತರ ಮಾದಕವ್ಯಸನಿಗಳ ಆಪ್ತಸಲಹೆಗಾರನಾಗಿ ದುಡಿಯುವ ಜೆಫ್ ಕೂಡ ಅಲ್ಲಿಗೆ ಬರುತ್ತಾನೆ. ಒಂದೇ ಸೂರಿನಡಿ ಈ ಮೂವರೂ ಉಳಿದ ಗೆಳೆಯರೆದುರು ಸಹಜವಾಗಿರಲು ಪ್ರಯತ್ನಿಸಬೇಕಾದ ಸನ್ನಿವೇಶವೇ ಚಿತ್ರದ ಮುಖ್ಯ ಬಿಕ್ಕಟ್ಟು.

ಊರಿನಲ್ಲಿಯೇ ಉಳಿದ ಇಬ್ಬರು ಹಳೆಯ ಶಾಲಾ ಗೆಳೆಯರೂ ಈ ಕೂಟಕ್ಕೆ ಸೇರಿಕೊಳ್ಳುತ್ತಾರೆ. ರಾನ್ ಪೆಟ್ರೋಲ್ ಬಂಕ್‌ನಲ್ಲಿ ಕಾರು ರಿಪೇರಿ ಮಾಡುವ ಮೆಕ್ಯಾನಿಕ್. ಹೋವಿ ಹೋಟೆಲ್‌ನಲ್ಲಿ ಕೆಲಸ ಮಾಡುತ್ತ, ಹೆಂಡತಿ ಮಕ್ಕಳ ಹೊಣೆ ಹೊತ್ತು ದಣಿದಿರುವ ಗೃಹಸ್ಥ. ಗೆಳೆಯರು ನಾಟಕ ನೋಡುತ್ತಾರೆ, ಹೊಳೆಯಲ್ಲಿ ಈಜುತ್ತಾರೆ, ಬ್ಯಾಸ್ಕೆಟ್‌ಬಾಲ್ ಆಡುತ್ತಾರೆ, ಬಾರ್‌ನಲ್ಲಿ ಕುಡಿಯುತ್ತ ಮಾತಿಗೆ ಕೂರುತ್ತಾರೆ. ಬ್ಯಾಸ್ಕೆಟ್‌ಬಾಲ್ ಆಟದಲ್ಲಿ ಜೆಫ್ ಮತ್ತು ಜೆ.ಟಿ. ನಡುವಿನ ಅಸಮಾಧಾನ ಮೈಕೈ ತಾಗಿಸುವ ಒರಟುತನವಾಗಿ ಹೊರಬರುತ್ತದೆ. ರಾನ್ ಮತ್ತು ಫ್ರಾನ್ಸಿಸ್ ನಡುವೆ ಅಲ್ಪಕಾಲದ ಆಪ್ತತೆ ಮೂಡುತ್ತದೆ.

ಒಂದು ರಾತ್ರಿ, ಜಿಂಕೆಯೊಂದನ್ನು ಕೊಂದ ಶಂಕೆಯ ಮೇಲೆ ಗೆಳೆಯರನ್ನು ಪೊಲೀಸರು ಠಾಣೆಗೆ ಒಯ್ಯುತ್ತಾರೆ. ಹಿಂದೆ ಎಂದಾದರೂ ಬಂಧನಕ್ಕೊಳಗಾದದ್ದುಂಟೇ ಎಂಬ ಪ್ರಶ್ನೆಗೆ ಜೆಫ್ ತನ್ನ ಚಳವಳಿಯ ದಿನಗಳ ಬಂಧನಗಳನ್ನು ಒಂದೊಂದಾಗಿ ಒಪ್ಪಿಸುತ್ತಾನೆ. ತಪ್ಪು ಇವರದಲ್ಲವೆಂದು ಗೊತ್ತಾದ ಮೇಲೆ ಎಲ್ಲರ ಬಿಡುಗಡೆಯಾಗುತ್ತದೆ. ವಾರಾಂತ್ಯ ಮುಗಿದು ಒಬ್ಬೊಬ್ಬರೇ ಹೊರಡುತ್ತಾರೆ. ಮೈಮೇಲೆ ಎಚ್ಚರವಿಲ್ಲದವನಂತೆ ಜೆಫ್ ಸೌದೆ ಒಡೆಯುವ ದೃಶ್ಯ ಚಿತ್ರದ ಕೊನೆಯ ಭಾಗದಲ್ಲಿ ಬರುತ್ತದೆ. ಯಾರ ಸಮಸ್ಯೆಯೂ ಪೂರ್ಣವಾಗಿ ಬಗೆಹರಿಯುವುದಿಲ್ಲ.

ಪಾತ್ರವರ್ಗ

• ಬ್ರೂಸ್ ಮ್ಯಾಕ್‌ಡೊನಾಲ್ಡ್ – ಮೈಕ್, ಶಾಲಾ ಶಿಕ್ಷಕ
• ಮ್ಯಾಗಿ ರೆಂಜಿ – ಕೇಟಿ, ಶಾಲಾ ಶಿಕ್ಷಕಿ
• ಆಡಮ್ ಲೆಫೆವ್ರ್ – ಜೆ.ಟಿ., ಗಾಯಕ
• ಮ್ಯಾಗಿ ಕೂಸಿನೋ – ಫ್ರಾನ್ಸಿಸ್, ವೈದ್ಯಕೀಯ ವಿದ್ಯಾರ್ಥಿನಿ
• ಜೀನ್ ಪಾಸನಾಂಟೆ – ಐರೀನ್, ಸೆನೆಟರ್ ಕಚೇರಿಯ ಉದ್ಯೋಗಿ
• ಗಾರ್ಡನ್ ಕ್ಲ್ಯಾಪ್ – ಚಿಪ್, ಐರೀನ್‌ಳ ಸಂಗಾತಿ
• ಕ್ಯಾರನ್ ಟ್ರಾಟ್ – ಮೌರಾ
• ಮಾರ್ಕ್ ಆರ್ನಾಟ್ – ಜೆಫ್, ಆಪ್ತಸಲಹೆಗಾರ
• ಡೇವಿಡ್ ಸ್ಟ್ರಾಥೇರ್ನ್ – ರಾನ್, ಮೆಕ್ಯಾನಿಕ್
• ಜಾನ್ ಸೇಲ್ಸ್ – ಹೋವಿ, ಹೋಟೆಲ್ ನೌಕರ

ನಿರ್ಮಾಣ

ಹಿನ್ನೆಲೆ

1950ರಲ್ಲಿ ನ್ಯೂಯಾರ್ಕ್ ರಾಜ್ಯದ ಷೆನೆಕ್ಟಡಿ ನಗರದಲ್ಲಿ ಜನಿಸಿದ ಜಾನ್ ಸೇಲ್ಸ್ ಮ್ಯಾಸಚೂಸೆಟ್ಸ್‌ನ ವಿಲಿಯಮ್ಸ್ ಕಾಲೇಜಿನಲ್ಲಿ ಓದಿದರು. ಸಿನಿಮಾಕ್ಕೆ ಬರುವ ಮೊದಲು ಅವರು ಕಥೆಗಾರರಾಗಿ ಹೆಸರು ಗಳಿಸಿದ್ದರು. 'ಪ್ರೈಡ್ ಆಫ್ ದ ಬಿಂಬೋಸ್' (1975) ಅವರ ಮೊದಲ ಕಾದಂಬರಿ. ಎರಡನೆಯ ಕಾದಂಬರಿ 'ಯೂನಿಯನ್ ಡ್ಯೂಸ್' (1977) ರಾಷ್ಟ್ರೀಯ ಪುಸ್ತಕ ಪ್ರಶಸ್ತಿಗೆ ನಾಮನಿರ್ದೇಶನಗೊಂಡಿತು. 1970ರ ದಶಕದ ಕೊನೆಯಲ್ಲಿ ಅವರು ಕಡಿಮೆ ವೆಚ್ಚದ ಚಿತ್ರಗಳ ಪ್ರಸಿದ್ಧ ನಿರ್ಮಾಪಕ ರೋಜರ್ ಕಾರ್ಮನ್ ಅವರ ಸಂಸ್ಥೆಗೆ ಚಿತ್ರಕಥೆಗಳನ್ನು ಬರೆಯತೊಡಗಿದರು. ಕೊಲೆಗಡುಕ ಮೀನುಗಳ ಕಥೆಯಾದ 'ಪಿರಾನ್ಹಾ' (1978), ಅಪರಾಧ ಜಗತ್ತಿನ ಕಥೆಯಾದ 'ದ ಲೇಡಿ ಇನ್ ರೆಡ್' (1979) ಮತ್ತು ಬಾಹ್ಯಾಕಾಶ ಸಾಹಸದ 'ಬ್ಯಾಟಲ್ ಬಿಯಾಂಡ್ ದ ಸ್ಟಾರ್ಸ್' (1980) ಆ ಅವಧಿಯವು. ಇಂಥ ಬರವಣಿಗೆಯಿಂದ ಬಂದ ಸಂಭಾವನೆಯನ್ನೇ ಅವರು ತಮ್ಮ ಸ್ವಂತ ಚಿತ್ರಕ್ಕೆ ಬಂಡವಾಳವಾಗಿ ತೊಡಗಿಸಿದರು.

ಒಬ್ಬರ ಚಿತ್ರಕ್ಕಾಗಿ ಬರೆದು ಗಳಿಸಿದ ಹಣವನ್ನು ತಮ್ಮ ಚಿತ್ರದಲ್ಲಿ ಹೂಡುವ ಈ ಕ್ರಮವನ್ನು ಸೇಲ್ಸ್ ಮುಂದಿನ ವರ್ಷಗಳಲ್ಲಿಯೂ ಅನುಸರಿಸಿದರು. ಸ್ಟುಡಿಯೋ ಹಣದ ಜೊತೆಗೆ ಬರುವ ಷರತ್ತುಗಳಿಂದ ದೂರವಿರಲು, ಚಿತ್ರದ ಅಂತಿಮ ರೂಪದ ಮೇಲಿನ ಹಕ್ಕನ್ನು ಉಳಿಸಿಕೊಳ್ಳಲು ಇದು ಅವರಿಗೆ ದಾರಿಯಾಯಿತು.

ಹಣದ ಮಿತಿ ಮತ್ತು ಚಿತ್ರಕಥೆ

ಸಾಮಾನ್ಯವಾಗಿ ಚಿತ್ರಕಥೆ ಮೊದಲು ಸಿದ್ಧವಾಗಿ, ಅದಕ್ಕೆ ತಕ್ಕ ಹಣವನ್ನು ಹುಡುಕಲಾಗುತ್ತದೆ. ಈ ಚಿತ್ರದಲ್ಲಿ ಕೈಯಲ್ಲಿರುವ ಹಣವೆಷ್ಟು, ಪರಿಚಿತ ನಟರು ಯಾರು, ದೊರೆಯುವ ಸ್ಥಳ ಯಾವುದು ಎಂಬುದು ಮೊದಲು ನಿಶ್ಚಯವಾಗಿ, ಅದಕ್ಕೆ ಹೊಂದುವಂತೆ ಕಥೆ ಹೆಣೆಯಲ್ಪಟ್ಟಿತು.

ಸೇಲ್ಸ್ ಅವರಿಗೆ ಪರಿಚಿತರಾದ ನಟರು ನ್ಯೂ ಹ್ಯಾಂಪ್‌ಶೈರ್‌ನ ನಾರ್ತ್ ಕಾನ್‌ವೇಯಲ್ಲಿ ಬೇಸಿಗೆ ರಂಗಭೂಮಿಯಲ್ಲಿ ಕೆಲಸ ಮಾಡಿದವರು. ಬಹುಪಾಲು ಎಲ್ಲರೂ ಮೂವತ್ತರ ಆಸುಪಾಸಿನವರು. ಆದ್ದರಿಂದ ಪಾತ್ರಗಳಿಗೂ ಅದೇ ವಯಸ್ಸು ಬಂತು. ನಟರ ಸಂಘದ ದರದಂತೆ ಸಂಭಾವನೆ ಕೊಡುವುದು ಸಾಧ್ಯವಿರಲಿಲ್ಲವಾದ್ದರಿಂದ ಪ್ರಸಿದ್ಧ ತಾರೆಯರ ಪ್ರಶ್ನೆಯೇ ಏಳಲಿಲ್ಲ. ಒಬ್ಬ ನಾಯಕ ಅಥವಾ ನಾಯಕಿಯ ಬದಲು ಹತ್ತು ಮಂದಿಗೆ ಹೆಚ್ಚುಕಡಿಮೆ ಸಮಾನ ಅವಕಾಶವಿರುವ ಕಥನ ಹೀಗೆ ರೂಪುಗೊಂಡಿತು.

ಕ್ಯಾಮೆರಾವನ್ನು ಹಳಿಗಳ ಮೇಲೆ ಸಾಗಿಸುವ ಸಲಕರಣೆಗೆ, ಅದಕ್ಕೆ ಬೇಕಾದ ಸಮಯಕ್ಕೆ ಹಣವಿರಲಿಲ್ಲ. ಕ್ಯಾಮೆರಾ ಚಲಿಸದಿದ್ದರೆ ಚಿತ್ರ ನಿಂತ ನೀರಾಗುವ ಅಪಾಯವಿತ್ತು. ಬಹಳ ಪಾತ್ರಗಳಿದ್ದರೆ ಒಂದು ಮಾತುಕತೆಯಿಂದ ಇನ್ನೊಂದಕ್ಕೆ, ಅಡುಗೆಮನೆಯಿಂದ ಅಂಗಳಕ್ಕೆ ಮೇಲಿಂದ ಮೇಲೆ ಹೊರಳುತ್ತ ಸಂಕಲನದ ಮೂಲಕವೇ ಚಲನೆಯನ್ನು ತರಬಹುದಾಗಿತ್ತು. ಬ್ಯಾಸ್ಕೆಟ್‌ಬಾಲ್ ಆಟ ಮತ್ತು ಹೊಳೆಗೆ ಧುಮುಕುವ ದೃಶ್ಯಗಳು ಮಾತಿನ ನಡುವೆ ಮೈಚಲನೆಗೆ ಅವಕಾಶ ಕೊಡುತ್ತವೆ. ಮಾತಿಲ್ಲದೆ ಸಂಬಂಧಗಳ ಬಿಗಿತವನ್ನು ತೋರಿಸುವ ಕೆಲಸವನ್ನೂ ಅವು ಮಾಡುತ್ತವೆ.

ಚಿತ್ರೀಕರಣ

ಚಿತ್ರೀಕರಣ ನಾರ್ತ್ ಕಾನ್‌ವೇ ಮತ್ತು ಅದರ ಸುತ್ತಮುತ್ತ ನಡೆಯಿತು. ವೈಟ್ ಮೌಂಟನ್ಸ್ ಪರ್ವತಶ್ರೇಣಿಯ ಅಡಿಯಲ್ಲಿರುವ ಈ ಊರು ಚಳಿಗಾಲದಲ್ಲಿ ಹಿಮಜಾರಾಟಕ್ಕೆ ಬರುವ ಪ್ರವಾಸಿಗರಿಂದ ತುಂಬಿರುತ್ತದೆ. ಉಳಿದ ಕಾಲದಲ್ಲಿ ಅಲ್ಲಿನ ವಸತಿಗೃಹಗಳು ಕಡಿಮೆ ಬಾಡಿಗೆಗೆ ಸಿಗುತ್ತವೆ. ಪ್ರವಾಸಿಗರಿಲ್ಲದ ಸಮಯದಲ್ಲಿ ಅಂಥ ಒಂದು ವಸತಿಗೃಹವನ್ನು ಹಿಡಿದು, ನಟರು ಮತ್ತು ತಂತ್ರಜ್ಞರು ಅಲ್ಲಿಯೇ ತಂಗಿದರು. ಚಿಪ್ ಪಾತ್ರಧಾರಿ ಗಾರ್ಡನ್ ಕ್ಲ್ಯಾಪ್ ಹುಟ್ಟಿದ್ದು ಇದೇ ನಾರ್ತ್ ಕಾನ್‌ವೇಯಲ್ಲಿ. ಚಿತ್ರದಲ್ಲಿ ಮಾತ್ರ ಅವರದು ಊರಿಗೂ ಗೆಳೆಯರ ಗುಂಪಿಗೂ ಹೊರಗಿನವನ ಪಾತ್ರ.

16 ಮಿಲಿಮೀಟರ್ ಫಿಲ್ಮ್‌ನಲ್ಲಿ ಸುಮಾರು 25 ದಿನಗಳಲ್ಲಿ ಚಿತ್ರೀಕರಣ ಮುಗಿಯಿತು. ಚಿತ್ರಮಂದಿರಗಳ ಪ್ರದರ್ಶನಕ್ಕಾಗಿ ಅದನ್ನು ಅನಂತರ 35 ಮಿಲಿಮೀಟರ್‌ಗೆ ಹಿಗ್ಗಿಸಲಾಯಿತು. ಆಸ್ಟಿನ್ ಡಿ ಬೆಶ್ ಛಾಯಾಗ್ರಹಣ ನಿರ್ವಹಿಸಿದರು. ಸಂಗೀತ ಮೇಸನ್ ಡೇರಿಂಗ್ ಅವರದು. ನಿರ್ಮಾಪಕರಾಗಿ ಜೆಫ್ರಿ ನೆಲ್ಸನ್ ಮತ್ತು ವಿಲಿಯಂ ಅಯ್ಡೆಲಾಟ್ ಅವರ ಹೆಸರಿದೆ. ಕೇಟಿಯ ಪಾತ್ರ ವಹಿಸಿದ ಮ್ಯಾಗಿ ರೆಂಜಿ ಸೇಲ್ಸ್ ಅವರ ಜೀವನಸಂಗಾತಿ. ತೆರೆಯ ಹಿಂದಿನ ಕೆಲಸಗಳಲ್ಲಿಯೂ ದುಡಿದ ಅವರು ಮುಂದೆ ಸೇಲ್ಸ್ ಅವರ ಅನೇಕ ಚಿತ್ರಗಳ ನಿರ್ಮಾಪಕಿಯಾದರು.

ವಸ್ತು ಮತ್ತು ಶೈಲಿ

ಚಳವಳಿಯ ನಂತರದ ಬದುಕು

ಚಿತ್ರದ ಪಾತ್ರಗಳು ಅಮೆರಿಕದ ಯುದ್ಧವಿರೋಧಿ ವಿದ್ಯಾರ್ಥಿ ಪೀಳಿಗೆಗೆ ಸೇರಿದವರು. 1970ರ ಮೇ 4ರಂದು ಓಹಾಯೋದ ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ರಾಷ್ಟ್ರೀಯ ರಕ್ಷಕ ದಳದ ಗುಂಡಿಗೆ ನಾಲ್ವರು ವಿದ್ಯಾರ್ಥಿಗಳು ಬಲಿಯಾದದ್ದು ಆ ಕಾಲದ ಉದ್ವೇಗವನ್ನು ಸೂಚಿಸುತ್ತದೆ. 1973ರಲ್ಲಿ ಅಮೆರಿಕದ ಸೇನೆ ವಿಯೆಟ್ನಾಂನಿಂದ ಹಿಂದೆ ಸರಿಯಿತು. 1974ರಲ್ಲಿ ಅಧ್ಯಕ್ಷ ರಿಚರ್ಡ್ ನಿಕ್ಸನ್ ರಾಜೀನಾಮೆ ನೀಡಿದರು. ಒಂದು ಪೀಳಿಗೆಯನ್ನು ಕೂಡಿಸಿದ್ದ ಕಾರಣಗಳು ಹೀಗೆ ಕೆಲವೇ ವರ್ಷಗಳಲ್ಲಿ ಕಣ್ಮರೆಯಾದವು. ಚಿತ್ರ ಬಿಡುಗಡೆಯಾದ 1980ರಲ್ಲಿಯೇ ರೊನಾಲ್ಡ್ ರೇಗನ್ ಅಧ್ಯಕ್ಷರಾಗಿ ಆಯ್ಕೆಯಾಗಿ, ದೇಶದ ರಾಜಕೀಯ ಬಲಪಂಥದತ್ತ ವಾಲಿತು.

ಸೇಲ್ಸ್ ಈ ಪೀಳಿಗೆಯನ್ನು ಹೊಗಳುವುದೂ ಇಲ್ಲ, ಆದರ್ಶಗಳನ್ನು ಮಾರಿಕೊಂಡವರೆಂದು ಹಳಿಯುವುದೂ ಇಲ್ಲ. ಅವರ ಪಾತ್ರಗಳಲ್ಲಿ ಯಾರೂ ಶ್ರೀಮಂತರಾಗಿಲ್ಲ. ಇಬ್ಬರು ಮಕ್ಕಳಿಗೆ ಪಾಠ ಹೇಳುತ್ತಾರೆ, ಒಬ್ಬ ವ್ಯಸನಿಗಳ ನಡುವೆ ದುಡಿಯುತ್ತಾನೆ, ಒಬ್ಬಳು ವೈದ್ಯೆಯಾಗಲಿದ್ದಾಳೆ, ಇನ್ನೊಬ್ಬಳು ಚುನಾವಣಾ ರಾಜಕೀಯದ ಒಳಗಿನಿಂದ ಕೆಲಸ ಮಾಡುತ್ತಾಳೆ. ಎಲ್ಲರೂ ತಮ್ಮ ನಂಬಿಕೆಗೆ ಹತ್ತಿರವಾದ ಏನನ್ನೋ ಮಾಡುತ್ತಿದ್ದಾರೆ. ಆದರೆ ಅದು ತಾವು ಇಪ್ಪತ್ತರಲ್ಲಿ ನಿರೀಕ್ಷಿಸಿದ ಬದಲಾವಣೆಯ ಗಾತ್ರದ್ದಲ್ಲವೆಂಬ ಅಳುಕು ಅವರಿಗಿದೆ. ನಂಬಿಕೆ ಉಳಿದಿದೆ, ಅದನ್ನು ಒಟ್ಟಾಗಿ ಬಾಳುವ ಸಂದರ್ಭ ಮಾತ್ರ ಇಲ್ಲವಾಗಿದೆ ಎಂಬುದು ಚಿತ್ರದ ಕೇಂದ್ರ ಭಾವ.

ಹಾಸ್ಯ ಮತ್ತು ಮುಜುಗರ

ಚಿತ್ರದ ಹಾಸ್ಯ ನಗೆಚಾಟಿಕೆಗಳಿಂದ ಹುಟ್ಟುವುದಕ್ಕಿಂತ ಹೆಚ್ಚಾಗಿ ಅತಿಪರಿಚಯದಿಂದ ಹುಟ್ಟುತ್ತದೆ. ಎಲ್ಲರಿಗೂ ಎಲ್ಲರ ಹಳೆಯ ಕಥೆ ಗೊತ್ತು. ಯಾರು ಹಿಂದೆ ಯಾರನ್ನು ಪ್ರೀತಿಸಿದ್ದರೆಂಬುದೂ ಗೊತ್ತು. ಒಬ್ಬರ ಬದುಕಿನಲ್ಲಿ ಹೊಸದಾಗಿ ಆದದ್ದನ್ನು ಹೇಳುವುದೇ ಇವರಿಗೆ ಕಷ್ಟ. ಮೌರಾ ಮತ್ತು ಜೆಫ್ ಬೇರೆಯಾದ ಸುದ್ದಿ ಒಬ್ಬರಿಂದ ಒಬ್ಬರಿಗೆ ಹರಡುವಾಗ, ಗೆಳೆಯರು ಯಾರ ಪಕ್ಷ ವಹಿಸಬೇಕೆಂದು ತಿಳಿಯದೆ ತೊಳಲಾಡುತ್ತಾರೆ. ಆ ಜೋಡಿಯ ಸಂಬಂಧ ಗುಂಪಿನ ಒಗ್ಗಟ್ಟಿನ ಒಂದು ಕುರುಹಾಗಿತ್ತು. ಅದು ಮುರಿದಾಗ ಉಳಿದವರಿಗೂ ತಮ್ಮ ನೆಲೆ ಅಲುಗಿದಂತಾಗುತ್ತದೆ.

ಚಿಪ್‌ನ ಪಾತ್ರ ಇಲ್ಲಿ ಎರಡು ಕೆಲಸ ಮಾಡುತ್ತದೆ. ಹೊರಗಿನವನಾದ ಅವನಿಗೆ ಐರೀನ್ ಹಿಂದಿನ ಸಂಗತಿಗಳನ್ನು ವಿವರಿಸಿದಾಗ ಪ್ರೇಕ್ಷಕರಿಗೂ ಅವು ತಿಳಿಯುತ್ತವೆ. ಅದರ ಜೊತೆಗೆ, ಒಂದು ಆಪ್ತ ಗುಂಪು ಹೊಸಬನನ್ನು ಅರಿವಿಲ್ಲದೆಯೇ ಹೇಗೆ ದೂರವಿಡುತ್ತದೆ ಎಂಬುದನ್ನೂ ಅವನ ಪೇಚಾಟ ತೋರಿಸುತ್ತದೆ. ಸಮಾನತೆಯ ಮಾತಾಡುವವರ ಗುಂಪಿನಲ್ಲಿಯೂ ಒಳಗಿನವರು, ಹೊರಗಿನವರು ಎಂಬ ಗೆರೆ ಇದೆ. ಮೊದಲಿಗೆ ನಗೆಪಾಟಲಾಗುವನೆಂದು ತೋರುವ ಚಿಪ್ ಕೊನೆಗೆ ಸಹಾನುಭೂತಿ ಗಳಿಸುತ್ತಾನೆ.

ಊರಿನ ಗೆಳೆಯರು

ಕಾಲೇಜಿನ ಗೆಳೆಯರ ಪುನರ್ಮಿಲನದ ಪಕ್ಕದಲ್ಲಿಯೇ ಮತ್ತೊಂದು ಪುನರ್ಮಿಲನವನ್ನು ಚಿತ್ರ ತೋರಿಸುತ್ತದೆ. ರಾನ್ ಮತ್ತು ಹೋವಿ ಕಾಲೇಜಿಗೆ ಹೋದವರಲ್ಲ, ಚಳವಳಿಯಲ್ಲಿಯೂ ಇದ್ದವರಲ್ಲ. ಶಾಲೆಯ ದಿನಗಳ ಪರಿಚಯವೇ ಅವರನ್ನು ಈ ಗುಂಪಿಗೆ ಜೋಡಿಸುವ ಎಳೆ. ಇಬ್ಬರೂ ಹುಟ್ಟೂರಿನಲ್ಲಿಯೇ ಉಳಿದು ಕೂಲಿ ಸಂಬಳದ ಬದುಕು ನಡೆಸುತ್ತಿದ್ದಾರೆ. ಇತರರು 'ಮುಂದೇನು' ಎಂದು ಚಿಂತಿಸುತ್ತಿರುವಾಗ ಹೋವಿ ಆಗಲೇ ಸಂಸಾರದ ಭಾರದಲ್ಲಿ ಮುಳುಗಿದ್ದಾನೆ. ಮಕ್ಕಳನ್ನು ಪಡೆಯಬೇಕೇ ಬೇಡವೇ ಎಂಬುದು ಅವರಿಗೆ ಚರ್ಚೆಯ ವಿಷಯ, ಅವನಿಗೆ ಮುಗಿದ ಸಂಗತಿ. ಅವನು ತನ್ನ ದಣಿವನ್ನು ದೂರಿನ ಧಾಟಿಯಿಲ್ಲದೆ ಹೇಳಿಕೊಳ್ಳುವ ಮಾತುಗಳು, ಉಳಿದವರ ಅಸಮಾಧಾನಗಳಿಗೆ ಬೇರೆಯೇ ಅಳತೆಗೋಲು ಒದಗಿಸುತ್ತವೆ.

ರಾನ್‌ನಲ್ಲಿ ಊರಿನಲ್ಲಿ ಉಳಿದವನ ಆತ್ಮವಿಶ್ವಾಸವೂ ಇದೆ, ಓದಿ ಹೊರಹೋದವರೆದುರು ಮೂಡುವ ಸಣ್ಣ ಸವಾಲಿನ ಧೋರಣೆಯೂ ಇದೆ. ದುಡಿಯುವ ವರ್ಗದ ಪರವಾಗಿ ಘೋಷಣೆ ಕೂಗಿದವರು ದುಡಿಯುವ ಮನುಷ್ಯನೊಬ್ಬನ ಎದುರು ಕುಳಿತಾಗ ಉಂಟಾಗುವ ಅಂತರವನ್ನು ಸೇಲ್ಸ್ ಭಾಷಣಗಳಿಲ್ಲದೆ ಸೂಚಿಸುತ್ತಾರೆ. ವರ್ಗ, ಕೂಲಿ ಮತ್ತು ಸಣ್ಣ ಊರುಗಳ ಬದುಕಿನ ಬಗೆಗಿನ ಈ ಆಸಕ್ತಿ ಅವರ ಮುಂದಿನ ಚಿತ್ರಗಳಲ್ಲಿ ಪ್ರಧಾನವಾಯಿತು.

ಠಾಣೆಯ ದೃಶ್ಯ

ಜಿಂಕೆಯ ಪ್ರಕರಣ ಸೀಕಾಕಸ್ ಬಂಧನದ ಪುನರಾವರ್ತನೆ. ಗೆಳೆಯರು ಮತ್ತೊಮ್ಮೆ ಒಟ್ಟಿಗೆ ಪೊಲೀಸರ ವಶದಲ್ಲಿದ್ದಾರೆ. ಹಿಂದೆ ಯುದ್ಧ ನಿಲ್ಲಿಸಲು ಹೊರಟು ಸಿಕ್ಕಿಬಿದ್ದವರು ಈಗ ಸತ್ತ ಜಿಂಕೆಯೊಂದಕ್ಕೆ ಜವಾಬು ಹೇಳಬೇಕಾಗಿದೆ. ಜೆಫ್ ಒಪ್ಪಿಸುವ ಬಂಧನಗಳ ಪಟ್ಟಿ ಮೊದಲು ನಗು ತರಿಸುತ್ತದೆ. ಪಟ್ಟಿ ಬೆಳೆದಂತೆ ಅದೊಂದು ಕಾಲದ ಇತಿಹಾಸವೇ ಆಗಿ, ಅವನು ಕಳೆದುಕೊಂಡದ್ದೇನೆಂಬುದನ್ನೂ ಸೂಚಿಸುತ್ತದೆ. ವಾರಾಂತ್ಯದುದ್ದಕ್ಕೂ ಪರಸ್ಪರ ಮುಜುಗರಪಟ್ಟವರು ಹಳೆಯ ಗೆಳೆತನವನ್ನು ಮತ್ತೆ ಅನುಭವಿಸುವುದು ಠಾಣೆಯಲ್ಲಿಯೇ ಎಂಬುದು ಗಮನಾರ್ಹ.

ಬಿಡುಗಡೆ ಮತ್ತು ಪ್ರತಿಕ್ರಿಯೆ

ಚಿತ್ರೋತ್ಸವ ಪ್ರದರ್ಶನಗಳ ನಂತರ ಚಿತ್ರ 1980ರಲ್ಲಿ ಲಿಬ್ರಾ ಫಿಲ್ಮ್ಸ್ ಮತ್ತು ಸ್ಪೆಷಾಲಿಟಿ ಫಿಲ್ಮ್ಸ್ ಮೂಲಕ ಚಿತ್ರಮಂದಿರಗಳನ್ನು ತಲುಪಿತು. ದೇಶದಾದ್ಯಂತ ಒಂದೇ ದಿನ ತೆರೆಕಾಣುವ ಸ್ಟುಡಿಯೋ ಚಿತ್ರಗಳಂತಲ್ಲದೆ, ಇದು ಕಲಾತ್ಮಕ ಚಿತ್ರಗಳಿಗೆ ಮೀಸಲಾದ ಚಿತ್ರಮಂದಿರಗಳಲ್ಲಿ ನಗರದಿಂದ ನಗರಕ್ಕೆ ಸಾಗಿತು. ಜಾಹೀರಾತಿಗೆ ಹಣವಿಲ್ಲದ ಚಿತ್ರಕ್ಕೆ ವಿಮರ್ಶಕರ ಬರಹ ಮತ್ತು ನೋಡಿದವರ ಬಾಯಿಮಾತೇ ಆಧಾರವಾಯಿತು. ಒಟ್ಟು ಗಳಿಕೆ ಸುಮಾರು 20 ಲಕ್ಷ ಡಾಲರ್ ಎಂದು ಅಂದಾಜಿಸಲಾಗಿದೆ. ವೆಚ್ಚಕ್ಕೆ ಹೋಲಿಸಿದರೆ ಇದು ಗಣನೀಯ ಯಶಸ್ಸು.

ವಿಮರ್ಶಕರು ಮುಖ್ಯವಾಗಿ ಮೆಚ್ಚಿದ್ದು ಸಂಭಾಷಣೆ ಮತ್ತು ಅಭಿನಯವನ್ನು. ಪಾತ್ರಗಳು ಕಥೆಯನ್ನು ಮುಂದಕ್ಕೆ ತಳ್ಳಲು ಮಾತಾಡದೆ, ನಿಜವಾದ ಗೆಳೆಯರಂತೆ ಅರ್ಧಕ್ಕೆ ನಿಲ್ಲಿಸುತ್ತ, ಒಬ್ಬರ ಮಾತನ್ನೊಬ್ಬರು ತುಂಡರಿಸುತ್ತ ಮಾತಾಡುವುದು ಹೊಸತನವೆನಿಸಿತು. ಚಿತ್ರೀಕರಣದ ತಾಂತ್ರಿಕ ಒರಟುತನ ಮತ್ತು ದೃಶ್ಯ ಸಂಯೋಜನೆಯ ಸಾದಾತನ ಇದರ ದೌರ್ಬಲ್ಯಗಳೆಂದು ಪರಿಗಣಿತವಾಗಿವೆ.

ಪ್ರಶಸ್ತಿ ಮತ್ತು ಗೌರವಗಳು

• 1980: ಲಾಸ್ ಏಂಜಲೀಸ್ ಚಲನಚಿತ್ರ ವಿಮರ್ಶಕರ ಸಂಘದ ಅತ್ಯುತ್ತಮ ಚಿತ್ರಕಥೆ ಪ್ರಶಸ್ತಿ – ಜಾನ್ ಸೇಲ್ಸ್
• ಅಮೆರಿಕದ ಬರಹಗಾರರ ಸಂಘದ (ರೈಟರ್ಸ್ ಗಿಲ್ಡ್) ಪ್ರಶಸ್ತಿಗೆ ಹಾಸ್ಯ ಚಿತ್ರಕಥೆ ವಿಭಾಗದಲ್ಲಿ ನಾಮನಿರ್ದೇಶನ
• 1997: ಅಮೆರಿಕದ ಸಂಸತ್ತಿನ ಗ್ರಂಥಾಲಯ ನಿರ್ವಹಿಸುವ ರಾಷ್ಟ್ರೀಯ ಚಲನಚಿತ್ರ ನೋಂದಣಿಗೆ ಸೇರ್ಪಡೆ

ಸಾಂಸ್ಕೃತಿಕ, ಐತಿಹಾಸಿಕ ಅಥವಾ ಸೌಂದರ್ಯಾತ್ಮಕ ಮಹತ್ವವುಳ್ಳ ಚಿತ್ರಗಳನ್ನು ಸಂರಕ್ಷಣೆಗಾಗಿ ಗುರುತಿಸುವ ಈ ನೋಂದಣಿಗೆ ಪ್ರತಿ ವರ್ಷ 25 ಚಿತ್ರಗಳು ಆಯ್ಕೆಯಾಗುತ್ತವೆ.

'ದ ಬಿಗ್ ಚಿಲ್' ಚಿತ್ರದೊಂದಿಗೆ ಹೋಲಿಕೆ

1983ರಲ್ಲಿ ಲಾರೆನ್ಸ್ ಕಾಸ್ಡನ್ ನಿರ್ದೇಶನದಲ್ಲಿ ತೆರೆಕಂಡ 'ದ ಬಿಗ್ ಚಿಲ್' ಚಿತ್ರದ ವಸ್ತು ಈ ಚಿತ್ರಕ್ಕೆ ಬಹಳ ಹತ್ತಿರದ್ದು. ಅದರಲ್ಲಿಯೂ 1960ರ ದಶಕದ ಕಾಲೇಜು ಗೆಳೆಯರು ವಾರಾಂತ್ಯವೊಂದರಲ್ಲಿ ಒಂದೇ ಮನೆಯಲ್ಲಿ ಸೇರುತ್ತಾರೆ. ಪ್ರಸಿದ್ಧ ನಟರಿದ್ದ, ಕೊಲಂಬಿಯಾ ಪಿಕ್ಚರ್ಸ್ ಬಿಡುಗಡೆ ಮಾಡಿದ ಆ ಚಿತ್ರ ದೊಡ್ಡ ಯಶಸ್ಸು ಕಂಡು, ಅತ್ಯುತ್ತಮ ಚಿತ್ರ ಸೇರಿದಂತೆ ಮೂರು ಆಸ್ಕರ್ ನಾಮನಿರ್ದೇಶನಗಳನ್ನು ಪಡೆಯಿತು. ಎರಡು ಚಿತ್ರಗಳ ಹೋಲಿಕೆ ಅಂದಿನಿಂದಲೂ ನಡೆದುಬಂದಿದೆ.

ವಸ್ತುವಿನಲ್ಲಿ ಸಾಮ್ಯವಿದ್ದರೂ ದೃಷ್ಟಿಯಲ್ಲಿ ಅಂತರವಿದೆ. ಕಾಸ್ಡನ್ ಅವರ ಗೆಳೆಯರು ಸೇರುವುದು ಆತ್ಮಹತ್ಯೆ ಮಾಡಿಕೊಂಡ ಗೆಳೆಯನ ಅಂತ್ಯಕ್ರಿಯೆಗೆ. ಸೇಲ್ಸ್ ಅವರ ಗೆಳೆಯರಿಗೆ ಭೇಟಿಯಾಗುವ ಆಸೆಯ ಹೊರತು ಬೇರೆ ನಿಮಿತ್ತವಿಲ್ಲ. 'ದ ಬಿಗ್ ಚಿಲ್'ನ ಪಾತ್ರಗಳಲ್ಲಿ ಹಲವರು ಸ್ಥಿತಿವಂತರು, ತಮ್ಮ ಹಳೆಯ ಆದರ್ಶಗಳಿಂದ ದೂರ ಸಾಗಿದವರು. ಸೀಕಾಕಸ್ ಗೆಳೆಯರು ಸಣ್ಣ ಸಂಬಳದಲ್ಲಿ ಆ ಆದರ್ಶಗಳ ಅಂಚನ್ನು ಇನ್ನೂ ಹಿಡಿದುಕೊಂಡಿರುವವರು. ಮೊದಲನೆಯದರಲ್ಲಿ 1960ರ ದಶಕದ ಜನಪ್ರಿಯ ಹಾಡುಗಳು ಗತಕಾಲದ ಹಂಬಲವನ್ನು ಹುಟ್ಟಿಸುತ್ತವೆ. ಎರಡನೆಯದರಲ್ಲಿ ಗತಕಾಲ ಮಾತಿನಲ್ಲಿ ಮಾತ್ರ ಬರುತ್ತದೆ, ಅದೂ ಬಹುವೇಳೆ ತಮಾಷೆಯಾಗಿ.

ಪರಂಪರೆ

ಅಮೆರಿಕದಲ್ಲಿ ಸ್ಟುಡಿಯೋ ವ್ಯವಸ್ಥೆಯ ಹೊರಗೆ ಕಥಾಚಿತ್ರ ಮಾಡುವ ಯತ್ನ ಇದಕ್ಕೂ ಮೊದಲೇ ಇತ್ತು. ಜಾನ್ ಕ್ಯಾಸವೆಟಿಸ್ ಅವರ 'ಷ್ಯಾಡೋಸ್' (1959) ಮತ್ತು 'ಫೇಸಸ್' (1968) ಅದಕ್ಕೆ ಪ್ರಸಿದ್ಧ ನಿದರ್ಶನಗಳು. ಆದರೆ ಅಂಥ ಚಿತ್ರಗಳಿಗೆ ಬಿಡುಗಡೆಯ ನಿಶ್ಚಿತ ದಾರಿಗಳು 1970ರ ದಶಕದ ಕೊನೆಯಲ್ಲಿಯೂ ವಿರಳವಾಗಿದ್ದವು. ಸ್ವತಂತ್ರ ಚಿತ್ರಗಳಿಗೆ ನೆಲೆಯಾದ ಸನ್‌ಡಾನ್ಸ್ ಸಂಸ್ಥೆ ಸ್ಥಾಪನೆಯಾದದ್ದು 1981ರಲ್ಲಿ. ಅದಕ್ಕೆ ಮೊದಲೇ ತೆರೆಕಂಡ ಸೇಲ್ಸ್ ಅವರ ಚಿತ್ರ, ಅತ್ಯಲ್ಪ ಹಣದಲ್ಲಿ ಮಾಡಿದ ಮಾತುಪ್ರಧಾನ ಕಥೆಯೊಂದು ಪ್ರೇಕ್ಷಕರನ್ನು ಗಳಿಸಬಲ್ಲದೆಂದು ತೋರಿಸಿತು. ಜಿಮ್ ಜಾರ್ಮುಷ್ ಅವರ 'ಸ್ಟ್ರೇಂಜರ್ ದ್ಯಾನ್ ಪ್ಯಾರಡೈಸ್' (1984), ಸ್ಪೈಕ್ ಲೀ ಅವರ 'ಷೀಸ್ ಗಾಟಾ ಹ್ಯಾವ್ ಇಟ್' (1986) ಮೊದಲಾದ ಚಿತ್ರಗಳೊಂದಿಗೆ ಬೆಳೆದ ಆ ದಶಕದ ಸ್ವತಂತ್ರ ಸಿನಿಮಾದ ಇತಿಹಾಸವನ್ನು ಹೇಳುವಾಗ ಇದನ್ನು ಆರಂಭದಲ್ಲಿಯೇ ಹೆಸರಿಸುವುದು ರೂಢಿ.

ಸೇಲ್ಸ್ 1983ರಲ್ಲಿ ಮ್ಯಾಕ್‌ಆರ್ಥರ್ ಫೆಲೋಷಿಪ್ ಪಡೆದರು. 'ದ ಬ್ರದರ್ ಫ್ರಮ್ ಅನದರ್ ಪ್ಲಾನೆಟ್' (1984), ಕಲ್ಲಿದ್ದಲು ಗಣಿಕಾರ್ಮಿಕರ ಮುಷ್ಕರವನ್ನು ಆಧರಿಸಿದ 'ಮೇಟ್‌ವಾನ್' (1987), 'ಏಯ್ಟ್ ಮೆನ್ ಔಟ್' (1988), 'ಪ್ಯಾಷನ್ ಫಿಶ್' (1992) ಮತ್ತು 'ಲೋನ್ ಸ್ಟಾರ್' (1996) ಅವರ ನಂತರದ ಮುಖ್ಯ ಚಿತ್ರಗಳು. ಕೊನೆಯ ಎರಡರ ಚಿತ್ರಕಥೆಗಳು ಆಸ್ಕರ್‌ಗೆ ನಾಮನಿರ್ದೇಶನಗೊಂಡವು. ಮೇಸನ್ ಡೇರಿಂಗ್ ಅವರ ಸಂಗೀತ ಸಹಯೋಗ ಈ ಚಿತ್ರಗಳಲ್ಲಿಯೂ ಮುಂದುವರಿಯಿತು.

ನಟವರ್ಗದಲ್ಲಿ ಡೇವಿಡ್ ಸ್ಟ್ರಾಥೇರ್ನ್ ಸೇಲ್ಸ್ ಅವರ ಹಲವು ಚಿತ್ರಗಳಲ್ಲಿ ಕಾಣಿಸಿಕೊಂಡರು. 'ಗುಡ್ ನೈಟ್, ಅಂಡ್ ಗುಡ್ ಲಕ್' (2005) ಚಿತ್ರದಲ್ಲಿ ಪತ್ರಕರ್ತ ಎಡ್ವರ್ಡ್ ಮರೋ ಪಾತ್ರಕ್ಕಾಗಿ ಅತ್ಯುತ್ತಮ ನಟ ವಿಭಾಗದ ಆಸ್ಕರ್ ನಾಮನಿರ್ದೇಶನ ಪಡೆದರು. ಗಾರ್ಡನ್ ಕ್ಲ್ಯಾಪ್ 'ಎನ್‌ವೈಪಿಡಿ ಬ್ಲೂ' ದೂರದರ್ಶನ ಸರಣಿಯ ಪತ್ತೇದಾರನ ಪಾತ್ರಕ್ಕೆ 1998ರಲ್ಲಿ ಎಮ್ಮಿ ಪ್ರಶಸ್ತಿ ಗಳಿಸಿದರು. ಜೀನ್ ಪಾಸನಾಂಟೆ ದೂರದರ್ಶನ ಧಾರಾವಾಹಿಗಳ ಬರಹಗಾರ್ತಿಯಾಗಿ ಹೆಸರು ಮಾಡಿದರು. ಆಡಮ್ ಲೆಫೆವ್ರ್ ನಟನೆಯ ಜೊತೆಗೆ ಕವಿಯಾಗಿಯೂ ಪರಿಚಿತರು.